ಒಂದೇ ತಂತ್ರಾಂಶ ಶಾಲೆಯಲ್ಲಿ ಒಂದು ಬಗೆ, ಮನೆಯಲ್ಲಿ ಇನ್ನೊಂದು ಬಗೆ: ಏಕೆ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಕೂಡ ತೀರಾ ಹಳೆಯದಾಗಿರಬಾರದು. ಇಂಥ ಹೊತ್ತಿನಲ್ಲಿ, ಪತ್ರ, ಲೆಕ್ಕಪಟ್ಟಿ ಮೊದಲಾದವನ್ನು ತಯಾರಿಸಲು ಬಳಸುವ ಲಿಬ್ರೆಆಫೀಸ್ ಎಂಬ ಮುಕ್ತ ತಂತ್ರಾಂಶದ ಹಿಂದಿರುವ ಡಾಕ್ಯುಮೆಂಟ್ ಫೌಂಡೇಶನ್ ಸಂಸ್ಥೆಯು ಹಳೆಯ ಕಂಪ್ಯೂಟರನ್ನು ಎಸೆಯುವ ಬದಲು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂಗೆ ಬನ್ನಿ ಎಂದು ಬಳಕೆದಾರರಿಗೆ ಕರೆ ಕೊಟ್ಟಿತು. ಆದರೆ ಅದೇ ಸಂಸ್ಥೆ 2025ರ ಆಗಸ್ಟ್‌ನಲ್ಲಿ ಹೊರತಂದ ಲಿಬ್ರೆಆಫೀಸ್ 25.8 ಆವೃತ್ತಿಯಲ್ಲಿ ವಿಂಡೋಸ್ 7, 8 ಮತ್ತು 8.1ರ ಬೆಂಬಲವನ್ನು ಕೈಬಿಟ್ಟಿದೆ. ಹಳೆಯ ಯಂತ್ರವನ್ನು ಉಳಿಸಿಕೊಳ್ಳಿ ಎನ್ನುವವರೇ ಹಳೆಯ ಆಪರೇಟಿಂಗ್ ಸಿಸ್ಟಂಗಳನ್ನು ಬಿಟ್ಟುಬಿಟ್ಟರೆ ಓದುಗರಿಗೆ ಗೊಂದಲವಾಗುವುದು ಸಹಜ.

ಕಾಸರಗೋಡಿನ ಕನ್ನಡ ಕುಟುಂಬಗಳಿಗೆ ಈ ಗೊಂದಲ ಇನ್ನೂ ಹತ್ತಿರದ್ದು. ಕೇರಳದ ಸರಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಬಳಕೆಯಲ್ಲಿರುವುದು ರಾಜ್ಯದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ‘ಕೈಟ್’ ಸಿದ್ಧಪಡಿಸಿದ ಲಿನಕ್ಸ್. ಉಬುಂಟು ಎಂಬ ಜನಪ್ರಿಯ ಲಿನಕ್ಸ್ ವಿತರಣೆಯ 22.04ನ್ನು ಆಧರಿಸಿದ ಅದರ ಆವೃತ್ತಿ 2024ರಲ್ಲಿ ಬಂದಿದೆ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ವಿಂಡೋಸ್ ಇರುತ್ತದೆ, ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇರುತ್ತದೆ. ಶಾಲೆಯಲ್ಲಿ ಲಿಬ್ರೆಆಫೀಸ್‌ನಲ್ಲಿ ತಯಾರಿಸಿದ ಕನ್ನಡ ಪ್ರಶ್ನೆಪತ್ರಿಕೆಯನ್ನು ಮನೆಯ ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಎರಡು ಪುಟದ್ದು ಮೂರು ಪುಟವಾದರೆ, ತಂತ್ರಾಂಶವೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆ ತೀರ್ಮಾನ ಅವಸರದ್ದು. ಮುಕ್ತ ಪರವಾನಗಿ ಎಂದರೆ ಯಾರು ಬೇಕಾದರೂ ತಂತ್ರಾಂಶವನ್ನು ನೋಡಬಹುದು, ತಿದ್ದಬಹುದು, ಹಂಚಬಹುದು ಎಂದರ್ಥ. ಅದು ಎಲ್ಲ ಯಂತ್ರಗಳಲ್ಲೂ ಒಂದೇ ಬಗೆಯಲ್ಲಿ ನಡೆಯುತ್ತದೆ ಎಂದು ಪರವಾನಗಿ ಹೇಳುವುದಿಲ್ಲ. ಹಾಗೆ ನಡೆಯಬೇಕಾದರೆ ಯಾರಾದರೂ ಅಷ್ಟೂ ಯಂತ್ರಗಳಲ್ಲಿ ಅದನ್ನು ಪರೀಕ್ಷಿಸಿರಬೇಕು, ಮತ್ತು ಆ ಕೆಲಸಕ್ಕೆ ಸಮಯ, ಯಂತ್ರ, ಹಣ ಮೂರೂ ಬೇಕು.

ಪದ್ಯ ಒಂದೇ, ಹಿಮ್ಮೇಳ ಬೇರೆ

ಯಕ್ಷಗಾನದ ಒಂದೇ ಪ್ರಸಂಗವನ್ನು ತೆಂಕುತಿಟ್ಟಿನಲ್ಲೂ ಆಡಬಹುದು, ಬಡಗುತಿಟ್ಟಿನಲ್ಲೂ ಆಡಬಹುದು. ಪದ್ಯಗಳು ಅವೇ; ಆದರೆ ಚೆಂಡೆಯ ಪೆಟ್ಟು, ಹೆಜ್ಜೆ, ವೇಷ ಬೇರೆ. ಒಂದು ತಿಟ್ಟಿನಲ್ಲಿ ಪಳಗಿದ ಕಲಾವಿದ ಇನ್ನೊಂದರ ಹಿಮ್ಮೇಳಕ್ಕೆ ಕುಣಿಯಬೇಕಾದರೆ ಮೊದಲೇ ಕೂಡಿ ಅಭ್ಯಾಸ ಮಾಡಬೇಕಾಗುತ್ತದೆ. ತಂತ್ರಾಂಶ ಮತ್ತು ಆಪರೇಟಿಂಗ್ ಸಿಸ್ಟಂನ ಸಂಬಂಧವೂ ಬಹುಮಟ್ಟಿಗೆ ಹೀಗೆಯೇ ಇದೆ. ಕಡತವನ್ನು ತೆರೆಯುವುದು, ಅಕ್ಷರವನ್ನು ಪರದೆಯ ಮೇಲೆ ಬಿಡಿಸುವುದು, ಕೀಲಿಮಣೆಯ ಒತ್ತನ್ನು ಗ್ರಹಿಸುವುದು, ಮುದ್ರಕಕ್ಕೆ ಕಳುಹಿಸುವುದು, ಇವೆಲ್ಲಕ್ಕೂ ತಂತ್ರಾಂಶವು ಆಪರೇಟಿಂಗ್ ಸಿಸ್ಟಂನ ನೆರವು ಕೇಳುತ್ತದೆ. ಉತ್ತರ ಒಂದೊಂದು ಕಡೆ ಒಂದೊಂದು ರೀತಿ ಬರುತ್ತದೆ.

ವ್ಯತ್ಯಾಸಗಳು ಮೇಲ್ನೋಟಕ್ಕೆ ಅತ್ಯಲ್ಪ. ಲಿನಕ್ಸ್‌ನಲ್ಲಿ ‘ಹತ್ತನೇ ತರಗತಿ: ಉತ್ತರ’ ಎಂದು ಕಡತಕ್ಕೆ ಹೆಸರಿಡಬಹುದು; ವಿಂಡೋಸ್ ಆ ಹೆಸರಿನಲ್ಲಿರುವ ಎರಡು ಚುಕ್ಕಿಗಳ ಚಿಹ್ನೆಯನ್ನು ಒಪ್ಪುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳಲ್ಲಿ ಬರೆದ ಒಂದೇ ಹೆಸರು ಲಿನಕ್ಸ್‌ಗೆ ಎರಡು ಬೇರೆ ಕಡತ, ವಿಂಡೋಸ್‌ಗೆ ಸಾಮಾನ್ಯವಾಗಿ ಒಂದೇ. ತೆರೆದಿರುವ ಕಡತವನ್ನು ಅಳಿಸಲು ಲಿನಕ್ಸ್ ಬಿಡುತ್ತದೆ, ವಿಂಡೋಸ್ ಸಾಮಾನ್ಯವಾಗಿ ತಡೆಯುತ್ತದೆ; ಹಾಗಾಗಿ ಕೆಲಸ ಮುಗಿಯುವ ಮೊದಲೇ ತಾತ್ಕಾಲಿಕ ಕಡತವನ್ನು ಅಳಿಸುವ ಒಂದು ಸಾಲು ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ಸುಸೂತ್ರವಾಗಿ ನಡೆದು, ವಿಂಡೋಸ್‌ನಲ್ಲಿ ಮೊದಲ ದಿನವೇ ನಿಂತುಹೋಗಬಹುದು. ಸಾದಾ ಪಠ್ಯದಲ್ಲಿ ಸಾಲು ಮುಗಿಯಿತು ಎಂದು ತಿಳಿಸಲು ಲಿನಕ್ಸ್ ಒಂದು ಸಂಕೇತವನ್ನು ಬಳಸಿದರೆ ವಿಂಡೋಸ್ ಎರಡನ್ನು ಬಳಸುತ್ತದೆ. ಲಿನಕ್ಸ್ ರೀತಿಯ ಸಾಲುಗಳನ್ನು ವಿಂಡೋಸ್‌ನ ನೋಟ್‌ಪ್ಯಾಡ್ ಸರಿಯಾಗಿ ತೋರಿಸಲು ಕಲಿತದ್ದು 2018ರಲ್ಲಿ. ಅದಕ್ಕೆ ಮೊದಲು ಇಡೀ ಕಡತ ಒಂದೇ ಉದ್ದನೆಯ ಸಾಲಾಗಿ ಕಾಣುತ್ತಿತ್ತು. ಇವುಗಳಲ್ಲಿ ಯಾವುದೂ ತಂತ್ರಾಂಶ ಬರೆದವರ ಅಜ್ಞಾನದಿಂದ ಹುಟ್ಟಿದ್ದಲ್ಲ. ಬರೆದವರ ಮೇಜಿನ ಮೇಲೆ ಒಂದೇ ಬಗೆಯ ಕಂಪ್ಯೂಟರ್ ಇರುತ್ತದೆ, ತೊಂದರೆ ಇನ್ನೊಂದು ಬಗೆಯದರಲ್ಲಿ ತಲೆದೋರುತ್ತದೆ.

ಮೇಲೆ ಹೇಳಿದ ಪ್ರಶ್ನೆಪತ್ರಿಕೆಯ ಉದಾಹರಣೆಗೂ ಇಂಥದೇ ಕಾರಣವಿದೆ. ವಿಂಡೋಸ್‌ನೊಂದಿಗೆ ಬರುವ ಕನ್ನಡ ಫಾಂಟ್‌ಗಳು ತುಂಗಾ ಮತ್ತು ನಿರ್ಮಲಾ. ಲಿನಕ್ಸ್‌ನಲ್ಲಿ ಲೋಹಿತ್, ನೋಟೊ, ಗುಬ್ಬಿ, ನವಿಲು ಮೊದಲಾದವು ಸಿಗುತ್ತವೆ. ಕೇಳಿದ ಫಾಂಟ್ ಇಲ್ಲದಿದ್ದರೆ ತಂತ್ರಾಂಶ ಇರುವುದರಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. ಅಕ್ಷರದ ಅಗಲ ಕೂದಲೆಳೆಯಷ್ಟು ಬದಲಾದರೂ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಸಾಲು ಬದಲಾದರೆ ಪುಟ ಬದಲಾಗುತ್ತದೆ.

‘ಕಾಸರಗೋಡು’ ಎಂಬ ಹೆಸರಿನೊಳಗಿನ ಸಮಸ್ಯೆ

ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ, ಆದರೆ ಕನ್ನಡಿಗರ ಗಮನಕ್ಕೂ ಹೆಚ್ಚಾಗಿ ಬಾರದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ‘ಕಾಸರಗೋಡು’ ಎಂಬ ಪದವನ್ನು, ಅಕ್ಷರಗಳಿಗೆಲ್ಲ ಸಂಕೇತ ಕೊಡುವ ಜಾಗತಿಕ ಮಾನಕವಾದ ಯುನಿಕೋಡ್‌ನಲ್ಲಿ ಎರಡು ರೀತಿ ಬರೆದಿಡಬಹುದು. ‘ಗೋ’ದಲ್ಲಿರುವ ಓಕಾರದ ಚಿಹ್ನೆಗೆ ಒಂದೇ ಸಂಕೇತವಿದೆ. ಅದೇ ಚಿಹ್ನೆಯನ್ನು ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳನ್ನು ಸಾಲಾಗಿಟ್ಟೂ ಬರೆಯಬಹುದು. ಮೊದಲ ರೀತಿಯಲ್ಲಿ ಇಡೀ ಪದಕ್ಕೆ 8 ಸಂಕೇತಗಳು, ಎರಡನೆಯ ರೀತಿಯಲ್ಲಿ 10. ಎರಡೂ ಸಮಾನವೆಂದು ಯುನಿಕೋಡ್ ಹೇಳುತ್ತದೆ, ಕಣ್ಣಿಗೂ ಎರಡು ಒಂದೇ ರೀತಿ ಕಾಣುತ್ತವೆ. ಆದರೆ ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ಕಂಪ್ಯೂಟರಿಗೆ ಇವು ಎರಡು ಬೇರೆ ಪದಗಳು.

ಮ್ಯಾಕ್ ಕಂಪ್ಯೂಟರುಗಳ ಹಳೆಯ ಕಡತ ವ್ಯವಸ್ಥೆ, ಅಂದರೆ 2017ರಲ್ಲಿ ಎಪಿಎಫ್‌ಎಸ್ ಬರುವ ತನಕ ರೂಢಿಯಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್, ಕಡತದ ಹೆಸರುಗಳನ್ನು ಹೀಗೆ ಬಿಡಿಸಿಯೇ ಸಂಗ್ರಹಿಸುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ಪರಿಣಾಮವಾಗಿ, ಮ್ಯಾಕ್‌ನಿಂದ ಬಂದ ‘ಕಾಸರಗೋಡು’ ಕಡತ ಮತ್ತು ಲಿನಕ್ಸ್‌ನಲ್ಲಿ ಟೈಪು ಮಾಡಿದ ‘ಕಾಸರಗೋಡು’ ಕಡತ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಕೂರಬಲ್ಲವು, ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆಯೂ ಇರಬಹುದು. ಇಂಥ ತೊಂದರೆ ಇತರ ಭಾಷೆಗಳಿಗೂ ಇದ್ದುದರಿಂದ ತಂತ್ರಾಂಶ ಬರೆಯುವವರಲ್ಲಿ ಹೆಚ್ಚಿನವರು ಬದಲಾವಣೆಗಳ ದಾಖಲೆಗೆ ಬಳಸುವ ಗಿಟ್‌ಗೆ 2012ರಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಆಯ್ಕೆಯನ್ನು ಸೇರಿಸಬೇಕಾಯಿತು.

ಇದನ್ನು ಪರೀಕ್ಷಿಸುವುದು ಹೇಗೆ? ಇಂಗ್ಲಿಷ್ ಹೆಸರುಗಳಿಂದ ಪರೀಕ್ಷಿಸುವವರಿಗೆ ಈ ದೋಷ ಎಂದೂ ಕಾಣುವುದಿಲ್ಲ. ಕನ್ನಡದಲ್ಲಿ ಪರೀಕ್ಷಿಸೋಣ ಎಂದು ಒಳ್ಳೆಯ ಮನಸ್ಸಿನಿಂದ ‘ಕನ್ನಡ’ ಎಂಬ ಪದವನ್ನೇ ಟೈಪು ಮಾಡುವವರಿಗೂ ಕಾಣುವುದಿಲ್ಲ, ಏಕೆಂದರೆ ಆ ಪದದಲ್ಲಿ ಬಿಡಿಸಬಹುದಾದ ಸ್ವರಚಿಹ್ನೆ ಒಂದೂ ಇಲ್ಲ. ಕುಂಬಳೆ, ಉಪ್ಪಳ, ಬದಿಯಡ್ಕ ಎಂಬ ಹೆಸರುಗಳೂ ತೊಂದರೆಯಿಲ್ಲದೆ ದಾಟುತ್ತವೆ. ಮಂಜೇಶ್ವರ, ಹೊಸಂಗಡಿ, ಪೈವಳಿಕೆ, ನೀರ್ಚಾಲು ಎಂಬಲ್ಲಿ ಮಾತ್ರ ದೋಷ ಹೊರಬೀಳುತ್ತದೆ, ಏಕೆಂದರೆ ಏ, ಒ, ಐ, ಈ ಕಾರಗಳ ಚಿಹ್ನೆಗಳಿಗೆಲ್ಲ ಎರಡೆರಡು ರೂಪಗಳಿವೆ. ಭಾಷೆಯನ್ನು ಬಲ್ಲವರು ಮಾದರಿ ಪದಗಳನ್ನು ಆರಿಸಿ ಕೊಡದಿದ್ದರೆ, ಎಷ್ಟೇ ಯಂತ್ರಗಳಲ್ಲಿ ಎಷ್ಟೇ ಸಲ ಪರೀಕ್ಷೆ ನಡೆಸಿದರೂ ಫಲವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಪತ್ರಿಕೆಗಳಲ್ಲಿ ದಿನವೂ ಕಾಣುವ ‘ರ‍್ಯಾಲಿ’ ಎಂಬ ಪದದ ಕಥೆಯೂ ಇದೇ. ಇಲ್ಲಿ ರಕಾರ ಅರ್ಕಾವತ್ತಾಗದೆ ಪೂರ್ಣಾಕ್ಷರವಾಗಿ ಉಳಿಯಬೇಕಾದರೆ ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಇರಬೇಕು. ಕಾಣದ ಸಂಕೇತಗಳನ್ನು ಅನವಶ್ಯಕವೆಂದು ಅಳಿಸಿಹಾಕುವ ತಂತ್ರಾಂಶದ ಕೈಗೆ ಸಿಕ್ಕಿದರೆ ಪದದ ರೂಪವೇ ಕೆಟ್ಟುಹೋಗುತ್ತದೆ.

ಲೆಕ್ಕ ಬೆಳೆಯುವ ಬಗೆ

ಪರೀಕ್ಷೆಯ ಭಾರ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಮೂರು ವ್ಯವಸ್ಥೆಗಳು, ಪ್ರತಿಯೊಂದರಲ್ಲೂ ಬಳಕೆಯಲ್ಲಿರುವ ಮೂರು ಆವೃತ್ತಿಗಳು ಎಂದಿಟ್ಟುಕೊಂಡರೆ 9. ಇಂಟೆಲ್ ಬಗೆಯದು, ಆರ್ಮ್ ಬಗೆಯದು ಎಂದು ಎರಡು ಪ್ರೊಸೆಸರ್‌ಗಳನ್ನು ಪರಿಗಣಿಸಿದರೆ 18. ಮಲಯಾಳ, ಕನ್ನಡ, ತಮಿಳು, ಇಂಗ್ಲಿಷ್ ಎಂಬ ಕೇರಳದ ನಾಲ್ಕು ಬೋಧನಾ ಮಾಧ್ಯಮಗಳನ್ನು ಸೇರಿಸಿದರೆ 72. ಪ್ರತಿ ಭಾಷೆಗೆ ಮೂರೇ ಫಾಂಟ್ ಎಂದರೂ 216. ಒಂದೊಂದಕ್ಕೆ 10 ನಿಮಿಷ ಹಿಡಿದರೆ 36 ಗಂಟೆಗಳ ಕೆಲಸವಾಯಿತು, ಅದೂ ಒಂದೇ ಒಂದು ಬದಲಾವಣೆಗೆ. ಚುರುಕಾಗಿರುವ ಯೋಜನೆಯಲ್ಲಿ ದಿನಕ್ಕೆ ಹತ್ತಾರು ಬದಲಾವಣೆಗಳು ಬರುತ್ತವೆ.

ಆದುದರಿಂದ ಈ ಲೆಕ್ಕವನ್ನು ಕೋಷ್ಟಕವಾಗಿ ಬರೆದರೆ, ಎಲ್ಲ ಯೋಜನೆಗಳೂ ಅದರ ಕೆಲವು ಮನೆಗಳನ್ನಷ್ಟೇ ಪರೀಕ್ಷಿಸುತ್ತವೆ. ಹೆಚ್ಚು ಜನ ಬಳಸುವ ಮನೆಗಳು ಮೊದಲು ತುಂಬುತ್ತವೆ. ಕನ್ನಡ, ಲಿನಕ್ಸ್, ಹಳೆಯ ಯಂತ್ರ ಈ ಮೂರೂ ಕೂಡುವ ಮನೆ ಖಾಲಿ ಉಳಿಯುವ ಸಂಭವವೇ ಹೆಚ್ಚು. ಯಾರದೋ ದ್ವೇಷ ಇದಕ್ಕೆ ಕಾರಣವಲ್ಲ, ಆದರೆ ಫಲ ಅನುಭವಿಸುವವರು ಗಡಿನಾಡಿನ ಮಕ್ಕಳೇ.

ಕೇರಳ ಎಲ್ಲ ಶಾಲೆಗಳಲ್ಲೂ ಒಂದೇ ಲಿನಕ್ಸ್ ಆವೃತ್ತಿಯನ್ನು ಬಳಸಲು ನಿರ್ಧರಿಸಿದ್ದರ ಒಂದು ಲಾಭ ಇಲ್ಲಿ ಗೋಚರಿಸುತ್ತದೆ. ಒಂದೇ ವ್ಯವಸ್ಥೆ, ಒಂದೇ ಆವೃತ್ತಿ, ಒಂದೇ ಬಗೆಯ ಪ್ರೊಸೆಸರ್ ಎಂದಾದರೆ ಅದೇ 216 ಎಂಬುದು 12ಕ್ಕೆ ಇಳಿಯುತ್ತದೆ, 36 ಗಂಟೆ ಎಂಬುದು 2 ಗಂಟೆಯಾಗುತ್ತದೆ. ಪರವಾನಗಿ ಶುಲ್ಕ ಉಳಿಯಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಪರೀಕ್ಷೆಯ ಶ್ರಮ ಉಳಿದದ್ದು ಅದಕ್ಕಿಂತ ಕಡಿಮೆ ಲಾಭವೇನಲ್ಲ. ಆದರೆ ಈ ಲಾಭ ಶಾಲೆಯ ಗೇಟಿನ ಒಳಗಷ್ಟೇ ಸಿಗುತ್ತದೆ.

ಯಂತ್ರ ಯಾರದ್ದು, ಖರ್ಚು ಯಾರದ್ದು

ಇಂದು ಬಹುತೇಕ ಪರೀಕ್ಷೆಗಳು ಸ್ವಯಂಚಾಲಿತವಾಗಿ ನಡೆಯುತ್ತವೆ. ಯಾರಾದರೂ ಒಂದು ಬದಲಾವಣೆ ಕಳುಹಿಸಿದ ಕೂಡಲೇ ದೂರದ ಸರ್ವರ್‌ಗಳಲ್ಲಿ ಪರೀಕ್ಷೆಗಳು ಓಡಿ ಫಲಿತಾಂಶ ಬರುತ್ತದೆ. ಈ ಸರ್ವರ್‌ಗಳನ್ನು ಮುಕ್ತ ಯೋಜನೆಗಳಿಗೆ ಉಚಿತವಾಗಿ ಕೊಡುವವರು ಖಾಸಗಿ ಕಂಪೆನಿಗಳು. ಬಹುಕಾಲ ಈ ಸೇವೆ ನೀಡಿದ ಟ್ರಾವಿಸ್ ಸಿಐ 2020ರ ನವೆಂಬರ್‌ನಲ್ಲಿ ತನ್ನ ನಿಯಮಗಳನ್ನು ಬದಲಿಸಿ ಉಚಿತ ಬಳಕೆಗೆ ಮಿತಿ ಹಾಕಿದಾಗ ಅನೇಕ ಯೋಜನೆಗಳು ಬೇರೆ ದಾರಿ ಹುಡುಕಬೇಕಾಯಿತು. ಹೆಚ್ಚಿನವು ಮೈಕ್ರೋಸಾಫ್ಟ್ ಒಡೆತನದ ಗಿಟ್‌ಹಬ್‌ನ ಸೇವೆಗೆ ಹೋದವು. ಅಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಸಿಗುತ್ತವೆ ಎಂಬುದು ನಿಜವಾಗಿಯೂ ದೊಡ್ಡ ಅನುಕೂಲ. ಆದರೂ ಮುಕ್ತ ತಂತ್ರಾಂಶದ ಗುಣಮಟ್ಟ ಒಂದು ಕಂಪೆನಿಯ ಔದಾರ್ಯದ ಮೇಲೆ ನಿಂತಿರುವುದು ನೆಮ್ಮದಿ ಕೊಡುವ ಸ್ಥಿತಿಯಲ್ಲ.

ಮ್ಯಾಕ್‌ನ ವಿಷಯ ಇನ್ನೂ ಕಠಿಣ. ಆಪಲ್‌ನ ಪರವಾನಗಿಯ ಪ್ರಕಾರ ಮ್ಯಾಕ್‌ಒಎಸ್ ಅನ್ನು ಆಪಲ್ ಯಂತ್ರದ ಮೇಲಷ್ಟೇ ನಡೆಸಬಹುದು. ಲಿನಕ್ಸ್ ಆದರೆ ಯಾವ ಹಳೆಯ ಕಂಪ್ಯೂಟರಿನಲ್ಲೂ, ಇನ್ನೊಂದು ವ್ಯವಸ್ಥೆಯೊಳಗೂ ಹಾಕಿ ನೋಡಬಹುದು. ಇದಲ್ಲದೆ 2019ರ ಕ್ಯಾಟಲಿನಾ ಆವೃತ್ತಿಯಿಂದ, ಹೊರಗಿನಿಂದ ಇಳಿಸಿಕೊಂಡ ತಂತ್ರಾಂಶ ಎಚ್ಚರಿಕೆಯಿಲ್ಲದೆ ತೆರೆದುಕೊಳ್ಳಬೇಕಾದರೆ ಆಪಲ್‌ನಿಂದ ಅದನ್ನು ದೃಢೀಕರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್. ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ ಇದು ಸಣ್ಣ ಮೊತ್ತವಲ್ಲ.

ಸರ್ವರ್‌ಗಳು ಎಲ್ಲವನ್ನೂ ನೋಡಲಾರವು ಎಂಬುದನ್ನೂ ಗಮನಿಸಬೇಕು. ಅಲ್ಲಿ ಪರದೆಯ ಮುಂದೆ ಕೂತು ಒತ್ತಕ್ಷರ ಸರಿಯಾಗಿ ಬಂತೇ ಎಂದು ನೋಡುವವರಿಲ್ಲ, ಮುದ್ರಕವಿಲ್ಲ, ಕನ್ನಡ ಕೀಲಿಮಣೆಯಲ್ಲಿ ಬೆರಳಾಡಿಸುವವರಿಲ್ಲ. ಕನ್ನಡಕ್ಕೆ ಬೇಕಾದ ಪರೀಕ್ಷೆಗಳಲ್ಲಿ ದೊಡ್ಡ ಪಾಲು ಇಂಥವೇ.

ಕೈಬಿಡುವುದೇ, ಹೊತ್ತು ಸಾಗುವುದೇ?

ಪರಿಹಾರದ ಬಗ್ಗೆ ತಂತ್ರಾಂಶ ಬರೆಯುವವರಲ್ಲೇ ಒಮ್ಮತವಿಲ್ಲ. ಹಳೆಯ ಮತ್ತು ವಿರಳ ವ್ಯವಸ್ಥೆಗಳನ್ನು ಧೈರ್ಯವಾಗಿ ಕೈಬಿಡಬೇಕು ಎಂಬುದು ಒಂದು ವಾದ. 2014ರಲ್ಲಿ, ಅಂತರ್ಜಾಲದ ಸಂವಹನವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ಗಂಭೀರ ದೋಷ ಪತ್ತೆಯಾದ ಮೇಲೆ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ ತಂಡ ಅದರಿಂದ ಲಿಬ್ರೆಎಸ್‌ಎಸ್‌ಎಲ್ ಎಂಬ ಕವಲನ್ನು ತೆಗೆಯಿತು. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಹಳೆಯ ಮ್ಯಾಕ್, ವಿಎಂಎಸ್ ಮೊದಲಾದ ವ್ಯವಸ್ಥೆಗಳಿಗಾಗಿ ಉಳಿದುಕೊಂಡಿದ್ದ ಸಾವಿರಾರು ಸಾಲುಗಳನ್ನು ಕಿತ್ತುಹಾಕುವುದು. ಯಾರೂ ಪರೀಕ್ಷಿಸದ ಸಾಲುಗಳು ದೋಷಗಳಿಗೆ ಮರೆಯಾಗುತ್ತವೆ ಎಂಬುದು ಅವರ ನಿಲುವಾಗಿತ್ತು. ಲಿಬ್ರೆಆಫೀಸ್ ವಿಂಡೋಸ್ 7ನ್ನು ಬಿಟ್ಟದ್ದರ ಹಿಂದೆಯೂ ಇಂಥದೇ ತರ್ಕವನ್ನು ಕಾಣಬಹುದು: ಆ ವ್ಯವಸ್ಥೆಗೆ ಅದರ ತಯಾರಕರೇ ಭದ್ರತಾ ತಿದ್ದುಪಡಿ ಕೊಡುವುದನ್ನು ನಿಲ್ಲಿಸಿದ್ದಾರೆ.

ಎದುರು ವಾದಕ್ಕೂ ತೂಕವಿದೆ. ಡೆಬಿಯನ್‌ನಂಥ ಲಿನಕ್ಸ್ ವಿತರಣೆಯ ಯೋಜನೆ ಒಂದೇ ತಂತ್ರಾಂಶವನ್ನು ಹಲವು ಬಗೆಯ ಪ್ರೊಸೆಸರ್‌ಗಳಿಗಾಗಿ ಸಿದ್ಧಪಡಿಸುತ್ತದೆ. ಒಂದು ಯಂತ್ರದಲ್ಲಿ ಅದೃಷ್ಟವಶಾತ್ ಅಡಗಿದ್ದ ತಪ್ಪು ಇನ್ನೊಂದರಲ್ಲಿ ಕೂಡಲೇ ಬಯಲಾಗುತ್ತದೆ. ಡೇನಿಯಲ್ ಸ್ಟೆನ್‌ಬರ್ಗ್ ಮುನ್ನಡೆಸುವ, ಜಾಲದ ಮೂಲಕ ದತ್ತಾಂಶ ಸಾಗಿಸುವ ಕರ್ಲ್ ಎಂಬ ತಂತ್ರಾಂಶ ನೂರಕ್ಕೂ ಹೆಚ್ಚು ಆಪರೇಟಿಂಗ್ ಸಿಸ್ಟಂಗಳಲ್ಲಿ ಓಡಿದೆ. ವೈವಿಧ್ಯವನ್ನು ಹೊತ್ತೂ ಸಾಗಬಹುದು ಎಂಬುದಕ್ಕೆ ಅದು ಸಾಕ್ಷಿ. ಹೊಸ ಯಂತ್ರ ಕೊಳ್ಳಲಾಗದವರನ್ನು ಬಿಟ್ಟು ಹೋಗುವ ತಂತ್ರಾಂಶವನ್ನು ಮುಕ್ತವೆಂದು ಹೇಗೆ ಕರೆಯುವುದು ಎಂಬ ನೈತಿಕ ಪ್ರಶ್ನೆಯೂ ಇದರೊಳಗಿದೆ.

ನಡುವಿನ ದಾರಿಯೊಂದನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂಡ ಅನುಸರಿಸುತ್ತದೆ. ಅವರು ವ್ಯವಸ್ಥೆಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದಾರೆ: ಪರೀಕ್ಷಿಸಿ ಖಾತರಿ ಕೊಟ್ಟವು, ಸಿದ್ಧಪಡಿಸಲು ಬರುತ್ತದೆ ಎಂದಷ್ಟೇ ಖಾತರಿ ಕೊಟ್ಟವು, ಯಾವ ಖಾತರಿಯೂ ಇಲ್ಲದವು. ಬಳಕೆದಾರರಿಗೆ ಸತ್ಯವನ್ನು ಮೊದಲೇ ಹೇಳುವ ಈ ಕ್ರಮವೇ ಹೆಚ್ಚು ಒಪ್ಪತಕ್ಕದ್ದು. ‘ಎಲ್ಲ ವ್ಯವಸ್ಥೆಗಳಲ್ಲೂ ನಡೆಯುತ್ತದೆ’ ಎಂದು ಬರೆದು, ಪರೀಕ್ಷಿಸಿದ್ದು ಒಂದರಲ್ಲಿ ಮಾತ್ರ ಎಂಬುದನ್ನು ಹೇಳದಿರುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಎಲ್ಲವನ್ನೂ ಬ್ರೌಸರಿಗೆ ಒಯ್ದರೆ ಸಮಸ್ಯೆಯೇ ಇಲ್ಲ ಎನ್ನುವವರಿದ್ದಾರೆ. ಬ್ರೌಸರ್‌ಗಳಲ್ಲೂ ಭಿನ್ನ ಎಂಜಿನ್‌ಗಳಿವೆ, ಮಳೆಗಾಲದಲ್ಲಿ ಸಂಪರ್ಕ ಕಡಿದುಹೋಗುವ ಊರುಗಳೂ ಇವೆ. ಫ್ಲಾಟ್‌ಪ್ಯಾಕ್‌ನಂಥ ಏರ್ಪಾಡುಗಳು ಲಿನಕ್ಸ್‌ನ ಬೇರೆಬೇರೆ ವಿತರಣೆಗಳ ನಡುವಿನ ವ್ಯತ್ಯಾಸವನ್ನು ತಗ್ಗಿಸುತ್ತವೆ, ವಿಂಡೋಸ್‌ನ ವಿಷಯದಲ್ಲಿ ಅವುಗಳಿಂದ ಉಪಯೋಗವಿಲ್ಲ.

ಕನ್ನಡಕ್ಕೆ ಒದಗಿದ ಒಂದು ಮಾದರಿ

ಕನ್ನಡದಂಥ ಭಾಷೆಗೆ ಈ ಪರೀಕ್ಷೆ ಅಸಾಧ್ಯವೇನಲ್ಲ ಎಂಬುದಕ್ಕೆ ಹಾರ್ಫ್‌ಬಜ್ ಪುರಾವೆ. ಒತ್ತಕ್ಷರ, ಗುಣಿತಾಕ್ಷರಗಳನ್ನು ಪರದೆಯ ಮೇಲೆ ಸರಿಯಾದ ಸ್ಥಾನದಲ್ಲಿ ಜೋಡಿಸುವುದು ಈ ಮುಕ್ತ ತಂತ್ರಾಂಶದ ಕೆಲಸ. ಬೆಹದಾದ್ ಎಸ್ಫಹಬೋದ್ ಮತ್ತು ಸಂಗಡಿಗರು ಇದನ್ನು ಭಾರತೀಯ ಲಿಪಿಗಳಿಗೆ ಅಣಿಗೊಳಿಸುವಾಗ ಹಲವು ಲಿಪಿಗಳ ಲಕ್ಷಗಟ್ಟಲೆ ಪದಗಳನ್ನು, ಇದೇ ಕೆಲಸ ಮಾಡುವ ವಿಂಡೋಸ್‌ನ ಯೂನಿಸ್ಕ್ರೈಬ್ ಕೊಡುವ ಫಲಿತಾಂಶದೊಂದಿಗೆ ಒಂದೊಂದಾಗಿ ಹೋಲಿಸಿದರು. ಕನ್ನಡದ ಪಟ್ಟಿಯಲ್ಲೇ ಒಂಬತ್ತು ಲಕ್ಷಕ್ಕೂ ಹೆಚ್ಚು ಪದಗಳಿದ್ದವು. ವ್ಯತ್ಯಾಸ ಕಂಡ ಪದಗಳನ್ನು ಹಿಡಿದು ತಿದ್ದುತ್ತಾ ಹೋದರು. ಎಲ್ಲಿಂದಲೋ ಯಾರೋ ಕನ್ನಡ ಪಠ್ಯವನ್ನು ಬರೆದು ಎಲ್ಲರಿಗೂ ಸಿಗುವಂತೆ ಇಟ್ಟಿದ್ದರಿಂದಲೇ ಆ ಪಟ್ಟಿ ಸಾಧ್ಯವಾಯಿತು ಎಂಬುದನ್ನು ಮರೆಯಬಾರದು.

ಇದರ ಫಲವಾಗಿ 2017ರ ಲಿಬ್ರೆಆಫೀಸ್ 5.3ರಲ್ಲಿ ಒಂದು ಮುಖ್ಯ ಬದಲಾವಣೆ ಬಂತು. ಅಲ್ಲಿಯ ತನಕ ಒಂದೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಒಂದೊಂದು ಅಕ್ಷರ ಜೋಡಣಾ ವ್ಯವಸ್ಥೆಯನ್ನು ಅವಲಂಬಿಸಿದ್ದ ಲಿಬ್ರೆಆಫೀಸ್, ಎಲ್ಲೆಡೆಯೂ ಹಾರ್ಫ್‌ಬಜ್ ಅನ್ನೇ ಬಳಸತೊಡಗಿತು. ಮೂರು ಕಡೆ ಪರೀಕ್ಷಿಸಬೇಕಾದ್ದು ಒಂದು ಕಡೆಗೆ ಇಳಿಯಿತು. ಇಂದು ಶಾಲೆ ಮತ್ತು ಮನೆಯ ಕಂಪ್ಯೂಟರುಗಳಲ್ಲಿ ಒಂದೇ ಫಾಂಟ್ ಹಾಕಿಕೊಂಡರೆ, ಅಥವಾ ಫಾಂಟನ್ನು ಕಡತದೊಳಗೇ ಅಡಕಗೊಳಿಸಿದರೆ, ಒತ್ತಕ್ಷರಗಳು ಎರಡೂ ಕಡೆ ಬಹುಮಟ್ಟಿಗೆ ಒಂದೇ ರೀತಿ ಮೂಡುವುದಕ್ಕೆ ಈ ಬದಲಾವಣೆಯೇ ಕಾರಣ.

ಶಾಲೆಗಳ ಮುಂದಿರುವ ದಿನಗಳು

ಉಬುಂಟು 22.04ರ ಸಾಮಾನ್ಯ ಬೆಂಬಲ 2027ರಲ್ಲಿ ಮುಗಿಯುತ್ತದೆ. ಶಾಲೆಗಳ ಲಿನಕ್ಸ್ ಆ ವೇಳೆಗೆ ಹೊಸ ಬುನಾದಿಗೆ ಸರಿಯಬೇಕಾಗಬಹುದು. ಸರಿದರೆ ಕನ್ನಡ ಟೈಪಿಂಗ್‌ನ ಮೇಲೆ ನೇರ ಪರಿಣಾಮ ಬೀರಬಲ್ಲ ಒಂದು ಬದಲಾವಣೆ ಎದುರಾಗುತ್ತದೆ. ಉಬುಂಟು 25.10ರಿಂದ ಅದರ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಹಳೆಯ ಎಕ್ಸ್ ಪರದೆ ವ್ಯವಸ್ಥೆಯ ಆಯ್ಕೆ ಇಲ್ಲ; ವೇಲ್ಯಾಂಡ್ ಒಂದೇ ಉಳಿದಿದೆ. ಕೀಲಿಮಣೆಯ ಒತ್ತುಗಳು ಕನ್ನಡ ಅಕ್ಷರಗಳಾಗಿ ತಂತ್ರಾಂಶವನ್ನು ತಲುಪುವ ದಾರಿ ಇವೆರಡರಲ್ಲಿ ಬೇರೆಬೇರೆ. ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆ ನಡೆಯುವುದು ಇದೇ ಕಂಪ್ಯೂಟರುಗಳಲ್ಲಿ. ಹೊಸ ಆವೃತ್ತಿಯನ್ನು ಮಲಯಾಳ ಮತ್ತು ಇಂಗ್ಲಿಷಿನಲ್ಲಷ್ಟೇ ನೋಡಿ ಬಿಡುಗಡೆ ಮಾಡಿದರೆ, ಕನ್ನಡದ ದೋಷ ಮೊದಲು ಕಾಣಿಸಿಕೊಳ್ಳುವುದು ಪರೀಕ್ಷೆಯ ದಿನ, ಒಂದು ಮಗುವಿನ ಮುಂದೆ. ಆಗ ತಿದ್ದಲು ಸಮಯವಿರುವುದಿಲ್ಲ.

ಇದನ್ನು ತಪ್ಪಿಸಲು ಬೇಕಾದ ಜನ ಜಿಲ್ಲೆಯಲ್ಲೇ ಇದ್ದಾರೆ. ಪ್ರೌಢಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಘಟಕಗಳಿವೆ, ಕನ್ನಡ ಮಾಧ್ಯಮದ ಶಿಕ್ಷಕರಿದ್ದಾರೆ. ಶಾಲೆಯ ಲಿನಕ್ಸ್, ಮನೆಯ ವಿಂಡೋಸ್, ಕೈಯಲ್ಲಿರುವ ಆಂಡ್ರಾಯ್ಡ್ ಮೂರನ್ನೂ ದಿನವೂ ಬಳಸುವ, ಕನ್ನಡವನ್ನೂ ಬಲ್ಲ ವಿದ್ಯಾರ್ಥಿಗಳು ದೊಡ್ಡ ತಂತ್ರಾಂಶ ಯೋಜನೆಗಳಿಗೂ ಸುಲಭವಾಗಿ ಸಿಗುವುದಿಲ್ಲ. ಮೊದಲ ಹೆಜ್ಜೆಯಾಗಿ ಒಂದು ಪುಟದ ಮಾದರಿ ಕಡತ ಸಾಕು. ಅದರಲ್ಲಿ ಕಾಸರಗೋಡು, ಹೊಸಂಗಡಿ, ಪೈವಳಿಕೆ, ನೀರ್ಚಾಲು ಇರಲಿ, ರ‍್ಯಾಲಿ ಇರಲಿ, ಅರ್ಕಾವತ್ತಿನ ಪದಗಳಿರಲಿ, ಎರಡು ಒತ್ತುಗಳು ಕೂಡಿದ ‘ರಾಷ್ಟ್ರ’ದಂಥ ಪದಗಳಿರಲಿ. ಅದನ್ನು ಪ್ರತಿ ಬಗೆಯ ಯಂತ್ರದಲ್ಲಿ ಟೈಪು ಮಾಡಿ, ಉಳಿಸಿ, ಹುಡುಕಿ, ಮುದ್ರಿಸಿ ನೋಡಬೇಕು. ಎಲ್ಲಿ ತಪ್ಪುತ್ತದೆಯೋ ಅಲ್ಲಿ ಆಪರೇಟಿಂಗ್ ಸಿಸ್ಟಂನ ಆವೃತ್ತಿ, ತಂತ್ರಾಂಶದ ಆವೃತ್ತಿ, ಫಾಂಟಿನ ಹೆಸರು, ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಲಾಯಿತು ಎಂಬ ನಾಲ್ಕು ವಿವರಗಳನ್ನು ಬರೆದು ಆಯಾ ಯೋಜನೆಗೂ ಕೈಟ್‌ಗೂ ಕಳುಹಿಸಬೇಕು. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂಬ ಒಂದು ಸಾಲಿನ ದೂರಿನಿಂದ, ಭಾಷೆ ತಿಳಿಯದ ಊರಿನಲ್ಲಿ ಕೂತ ಸ್ವಯಂಸೇವಕ ಏನನ್ನೂ ಮಾಡಲಾರ. ಈ ನಾಲ್ಕು ವಿವರಗಳಿದ್ದರೆ ಆ ತಪ್ಪನ್ನು ತನ್ನ ಯಂತ್ರದಲ್ಲೂ ಕಾಣಬಲ್ಲ, ತಿದ್ದಬಲ್ಲ, ಮತ್ತು ಆ ಪದವನ್ನು ಸ್ವಯಂಚಾಲಿತ ಪರೀಕ್ಷೆಯ ಪಟ್ಟಿಗೆ ಸೇರಿಸಬಲ್ಲ. ಹಾಗೆ ಸೇರಿದ ಪದ ಮುಂದಿನ ಪ್ರತಿ ಬದಲಾವಣೆಯ ಹೊತ್ತಿಗೂ, ಆ ಪಟ್ಟಿ ಓಡುವ ಎಲ್ಲ ಆಪರೇಟಿಂಗ್ ಸಿಸ್ಟಂಗಳಲ್ಲೂ, ಯಾರೂ ನೆನಪಿಸದೆಯೇ ಪರೀಕ್ಷೆಗೆ ಒಳಗಾಗುತ್ತದೆ.